ಮೂಲವೋ, ಮಾರ್ಪಾಡೋ? — ಒಂದು ಹಳೆಯ ಕಾರಿನ ಸಸ್ಪೆನ್ಶನ್ ವಿಚಾರ

ಹಳೆಯ ಕಾರುಗಳ ಅಭಿಮಾನಿಗಳಲ್ಲಿ ಎರಡು ಪಂಗಡಗಳಿವೆ. ಕಾರ್ಖಾನೆಯಿಂದ ಹೊರಬಂದಾಗ ಇದ್ದ ಒಂದು ತಿರುಪನ್ನೂ ಬದಲಿಸಕೂಡದೆನ್ನುವ ಮಡಿವಂತರು ಒಂದು ಕಡೆ. ಹೊರಮೈಯನ್ನಷ್ಟೇ ಉಳಿಸಿ ಒಳಗಿನದನ್ನೆಲ್ಲ ಹೊಸದು ಮಾಡಿಬಿಡುವ ಸುಧಾರಕರು ಇನ್ನೊಂದು ಕಡೆ. ಇವರ ವಾದ ಬಿರುಸಾಗುವುದು ಸಸ್ಪೆನ್ಶನ್ ವಿಷಯದಲ್ಲಿ. ಬಣ್ಣ ತಪ್ಪಿದರೆ ಕಣ್ಣಿಗಷ್ಟೇ ನೋವು. ಸಸ್ಪೆನ್ಶನ್ ತಪ್ಪಿದರೆ ತಿರುವಿನಲ್ಲಿ ಜೀವಕ್ಕೇ ಸಂಚಕಾರ. ಆದ್ದರಿಂದ ಎರಡೂ ವಾದಗಳನ್ನು ಒಂದು ನಿಜವಾದ ಕಾರಿನ ಮೇಲೆ ಒರೆಹಚ್ಚಿ ನೋಡುವುದು ಉಚಿತ.

ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಕಾರನ್ನೇ ತೆಗೆದುಕೊಳ್ಳೋಣ. ಇದು ನಮಗೆ ತೀರ ಪರಕೀಯವೂ ಅಲ್ಲ. ನಮ್ಮ ಸರ್ಕಾರಿ ಕಚೇರಿಗಳ ಮುಂದೆ ದಶಕಗಳ ಕಾಲ ನಿಂತಿದ್ದ ಅಂಬಾಸಿಡರಿನ 1489 ಸಿ.ಸಿ. ಎಂಜಿನ್ನೂ ಇದರ 1798 ಸಿ.ಸಿ. ಎಂಜಿನ್ನೂ ಬಿ-ಸೀರೀಸ್ ಎಂಬ ಒಂದೇ ಮನೆತನಕ್ಕೆ ಸೇರಿದವು.

ಎಂ.ಜಿ.ಬಿ.ಗೆ ಮುಂದೆ ಸುರುಳಿ ಸ್ಪ್ರಿಂಗು, ಹಿಂದೆ ಪಟ್ಟಿ ಸ್ಪ್ರಿಂಗು. ಶಾಕ್ ಅಬ್ಸಾರ್ಬರ್‌ಗಳು ಇಂದಿನ ಕೊಳವೆಯಾಕಾರದವಲ್ಲ. ತೋಳು ಆಡಿದಂತೆ ಎಣ್ಣೆಯನ್ನು ಕವಾಟದ ಮೂಲಕ ನೂಕುವ ಲಿವರ್ ಮಾದರಿಯವು. ಮುಂಭಾಗದಲ್ಲಂತೂ ಈ ತೋಳುಗಳೇ ಚಕ್ರವನ್ನು ಹಿಡಿದಿಡುವ ಮೇಲಿನ ಕೊಂಡಿಯೂ ಹೌದು. ಸುಧಾರಕರ ವಾದದಲ್ಲಿ ಹುರುಳಿಲ್ಲದಿಲ್ಲ. ಲಿವರ್ ಮಾದರಿಯಲ್ಲಿ ಎಣ್ಣೆ ಕಡಿಮೆ. ಒರಟು ರಸ್ತೆಯಲ್ಲಿ ಅದು ಬೇಗ ಕಾದು ತೆಳುವಾಗುತ್ತದೆ, ಹಿಡಿತ ಸಡಿಲುತ್ತದೆ. ಆದರೆ ಅವರು ಹೋಲಿಸುವುದು ಸಾಮಾನ್ಯವಾಗಿ ಸವೆದು ಸೋರುತ್ತಿರುವ ಹಳೆಯದನ್ನು ಪೆಟ್ಟಿಗೆಯಿಂದ ಆಗತಾನೆ ತೆಗೆದ ಹೊಸದರೊಡನೆ. ಇದು ನ್ಯಾಯವಾದ ಪರೀಕ್ಷೆಯಲ್ಲ. ಲಿವರ್ ಘಟಕವನ್ನು ಬಿಚ್ಚಿ, ಹೊಸ ಬೇರಿಂಗು, ಸೀಲು ಹಾಕಿ ಪುನಃ ಕಟ್ಟಿಸಬಹುದು, ಹೋಲಿಸಬೇಕಾದದ್ದು ಅದರೊಡನೆ.

ಇನ್ನೊಂದು ತಪ್ಪು ಗಣಿತದ್ದು. ಹೆಚ್ಚು ಬಿಗಿಯಾದ ಸ್ಪ್ರಿಂಗ್ ಹಾಕಿದರೆ ಕಾರು ಚುರುಕಾಗುತ್ತದೆಂದು ಅದನ್ನೊಂದನ್ನೇ ಬದಲಿಸುವವರುಂಟು. ಕಂಪನದ ವೇಗ ಸ್ಪ್ರಿಂಗಿನ ಬಿಗಿಯ ವರ್ಗಮೂಲವನ್ನು ಅನುಸರಿಸುತ್ತದೆ. ಬಿಗಿ ಶೇ. 44ರಷ್ಟು ಹೆಚ್ಚಿದರೆ ಕಂಪನ ಶೇ. 20ರಷ್ಟು ಏರುತ್ತದೆ, ಅದನ್ನು ಮೊದಲಿನಂತೆಯೇ ತಣಿಸಲು ಶಾಕ್ ಅಬ್ಸಾರ್ಬರಿನ ತಡೆಯೂ ಶೇ. 20ರಷ್ಟು ಹೆಚ್ಚಬೇಕು. ಇಲ್ಲವಾದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತೆಯೇ ಸರಿ.

ಇನ್ನು ಮಡಿವಂತರನ್ನೂ ಒಂದು ಪ್ರಶ್ನೆ ಕೇಳಬೇಕು: ಯಾವ ‘ಮೂಲ’? ಅಮೆರಿಕದ ಬಂಪರ್ ಎತ್ತರದ ನಿಯಮಕ್ಕೆ ಹೊಂದಿಸಲು 1974ರ ಉತ್ತರಾರ್ಧದಲ್ಲಿ ಇಡೀ ಕಾರನ್ನೇ ಸುಮಾರು 1 ಅಂಗುಲ ಎತ್ತರಿಸಲಾಯಿತು. ಖರ್ಚು ಉಳಿಸಲು, ತಿರುವಿನಲ್ಲಿ ವಾಲುವುದನ್ನು ತಡೆಯುವ ಮುಂದಿನ ಸರಳನ್ನೂ ಕೈಬಿಟ್ಟರು. ಕಾರು ಓಲಾಡತೊಡಗಿತು, 1977ರ ಮಾದರಿಯಲ್ಲಿ ಸರಳು ಮರಳಿ ಬಂತು, ಹಿಂದಕ್ಕೂ ಒಂದು ಸೇರಿತು. 1975ರ ಕಾರಿನ ‘ಮೂಲ’ವೆಂದರೆ ಎಂಜಿನಿಯರನ ಆಯ್ಕೆಯಲ್ಲ, ಕಾನೂನು ಮತ್ತು ಲೆಕ್ಕಪತ್ರಗಳ ಒತ್ತಾಯ. ಅದನ್ನು ಪೂಜಿಸುವುದು ಟಿಪ್ಪಣಿಯನ್ನೇ ಆದೇಶವೆಂದು ಓದಿದಂತೆ!

ನಮ್ಮ ದೇಶದ ಕಾನೂನು ಏನೆನ್ನುತ್ತದೆ? 2021ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, 50 ವರ್ಷ ದಾಟಿದ ವಾಹನ ವಿಂಟೇಜ್ ಎನಿಸಬೇಕಾದರೆ ಮೂಲ ರೂಪದಲ್ಲಿರಬೇಕು. ಚಾಸಿ, ಮೈಕಟ್ಟು, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡಾಗಿರಕೂಡದು. ಸ್ಪ್ರಿಂಗಿನ ಹೆಸರು ಅಲ್ಲಿಲ್ಲ. ಹಾಗೆಂದು ಹೊಸ ಶಾಕ್ ಅಬ್ಸಾರ್ಬರಿಗಾಗಿ ಮೈಕಟ್ಟನ್ನೇ ಕೊರೆದು ವೆಲ್ಡಿಂಗ್ ಮಾಡಿಸುವವರು ಈ ಮಾತನ್ನು ಎರಡು ಬಾರಿ ಓದಿಕೊಳ್ಳುವುದು ಕ್ಷೇಮ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ಇನ್ನೂ ವಿವೇಕದ ದಾರಿ ತೋರಿಸುತ್ತದೆ: ಬದಲಾವಣೆ ಅನಿವಾರ್ಯವಾದರೆ ಅದು ಹಿಂತೆಗೆಯಬಹುದಾದದ್ದಾಗಿರಲಿ, ಕಳಚಿದ ಮುಖ್ಯ ಭಾಗಗಳು ವಾಹನದೊಡನೆಯೇ ಇರಲಿ.

ಒಟ್ಟಿನಲ್ಲಿ ತೀರ್ಮಾನ ಕಾರಿನ ಬಳಕೆಯ ಮೇಲೆ ನಿಲ್ಲಬೇಕು. ಭಾನುವಾರದ ಸವಾರಿಗೆ, ಮೆರವಣಿಗೆಗೆ ಪುನಃ ಕಟ್ಟಿದ ಲಿವರ್ ಘಟಕ, ಮೂಲ ಬಿಗಿಯ ಹೊಸ ಸ್ಪ್ರಿಂಗು ಸಾಕು. ಅದರ ಜೊತೆಗೆ 1973ರಲ್ಲಿ ಬಂದ ವಿ-8 ಮಾದರಿಗಾಗಿ ಕಾರ್ಖಾನೆಯೇ ಬಳಸಿದ, ಲೋಹದ ಕೊಳವೆಯುಳ್ಳ ರಬ್ಬರ್ ಬುಷ್‌ಗಳನ್ನು ಮುಂದಕ್ಕೆ ಹಾಕಿಸಿದರೆ ಮೂಲದ ಮರ್ಯಾದೆಯೂ ಉಳಿಯಿತು, ಹಿಡಿತವೂ ಬಂತು. 1975ರ ಎತ್ತರದ ಕಾರಿಗೆ ಮೊದಲಿನ ಎತ್ತರ ಮತ್ತು ಸರಳನ್ನು ಮರಳಿ ಕೊಡುವುದು ದ್ರೋಹವಲ್ಲ, ತಿದ್ದುಪಡಿ. ಪಂದ್ಯಕ್ಕಿಳಿಸುವವರು ಮಾತ್ರ ಕೊಳವೆ ಮಾದರಿಗೆ ಹೋಗಲಿ. ಹೋಗುವುದಾದರೆ ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಒಂದಕ್ಕೊಂದು ಹೊಂದುವ ಪೂರ್ತಿ ಜೋಡಣೆಯನ್ನೇ ಕೊಳ್ಳಲಿ.

ಹಳೆಯದನ್ನು ಉಳಿಸುವುದೆಂದರೆ ಅದನ್ನು ಅರ್ಥಮಾಡಿಕೊಳ್ಳುವುದು. ಅರ್ಥವಾದ ಮೇಲೆ ಯಾವ ತಿರುಪನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು ಎಂಬುದು ತಾನಾಗಿ ತಿಳಿಯುತ್ತದೆ.