ಬಣ್ಣ ಗಾಜಿನೊಳಗಿದೆಯೋ, ಮೇಲಿದೆಯೋ

ಫೆಬ್ರವರಿ 15 ಹತ್ತಿರವಾದಂತೆ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಜನ ಕಾಲ್ನಡಿಗೆಯಲ್ಲೂ ಬರುತ್ತಾರೆ. 1739ರಲ್ಲಿ ಸಂತ ಸೇವಾಲಾಲರು ಹುಟ್ಟಿದ್ದು ಇಲ್ಲೇ ಎಂದು ಬಂಜಾರರು, ಅಂದರೆ ಲಂಬಾಣಿಗಳು, ನಂಬುವ ಭಾಯಾಗಡ ಇದು. ಸೇವಾಲಾಲರಿಗೂ ಮರಿಯಮ್ಮನಿಗೂ ಕೈಮುಗಿದು ಈಚೆ ಬಂದರೆ ನನ್ನ ಕಣ್ಣು ನೆಡುವುದು ಹೆಂಗಸರ ಪೇಟಿಯಾ ಲಂಗ, ಕಾಂಚಳಿ ರವಿಕೆಗಳ ಮೇಲೆ. ಕಸೂತಿಯ ಹೊಲಿಗೆಯನ್ನು ಹೊಗಳುವವರಿಗೆ ಕೊರತೆಯಿಲ್ಲ. ಆ ಹೊಲಿಗೆ ಹಿಡಿದು ನಿಲ್ಲಿಸಿರುವ ಮಣಿ ಎಂಥದ್ದು, ಕನ್ನಡಿ ಎಂಥದ್ದು, ಅದನ್ನು ಆರಿಸಿದವರು ಯಾರು ಎಂದು ಕೇಳುವವರು ಮಾತ್ರ ಕಡಿಮೆ.

ಈ ಪ್ರಶ್ನೆ ನನಗೆ ಹತ್ತಿದ್ದು ಒಂದು ಬಕೆಟ್ ನೀರಿನಿಂದ. ಯಾವುದೋ ಜಾತ್ರೆಯಲ್ಲಿ ಕೊಂಡ ಕೆಂಪು ಮಣಿಯ ಸರವನ್ನು ಬಿಳಿ ದಾರದಲ್ಲಿ ಚೀಲವೊಂದಕ್ಕೆ ಹೊಲಿಸಿದ್ದೆ. ಮೊದಲ ಒಗೆತಕ್ಕೇ ನೀರು ಕುಂಕುಮ ಕದಡಿದಂತಾಯಿತು. ದಾರ ಗುಲಾಬಿಯಾಯಿತು, ಮಣಿ ಬರೀ ಬಣ್ಣಗೆಟ್ಟ ಗಾಜಾಗಿ ಉಳಿಯಿತು. ತೂತಿನೊಳಗೆ ಬಣ್ಣ ಬಳಿದ ಪಾರದರ್ಶಕ ಮಣಿ ಅದು. ಮಾರಿದವನನ್ನು ಬೈದು ಪ್ರಯೋಜನವಿಲ್ಲ, ನೋಡದೆ ಕೊಂಡವನು ನಾನು.

ಮೋಸ ಕೆಂಪಿನಲ್ಲೇ ಹೆಚ್ಚು ಏಕೆ ಎಂಬುದಕ್ಕೆ ಕಾರಣವಿದೆ. ಗಾಜಿಗೆ ನೀಲಿ ತರುವುದು ಸುಲಭ, ಚಿಟಿಕೆ ಕೋಬಾಲ್ಟ್ ಸಾಕು. ತಾಮ್ರದಿಂದ ಹಸಿರು, ಹಸಿರು ಬೆರೆತ ನೀಲಿ, ಮ್ಯಾಂಗನೀಸಿನಿಂದ ನೇರಳೆ. ಒಳ್ಳೆಯ ಕೆಂಪಿಗೆ ಕ್ಯಾಡ್ಮಿಯಂ–ಸೆಲೆನಿಯಂ ಬೇಕು, ಇಲ್ಲವೇ ತಾಮ್ರವನ್ನು ಗಾಳಿ ತಾಗದಂತೆ ಹದವಾಗಿ ಕಾಯಿಸಬೇಕು, ಇಲ್ಲವೇ ಚಿನ್ನವನ್ನೇ ಹಾಕಬೇಕು. ಉರಿ ಸ್ವಲ್ಪ ಹೆಚ್ಚಾದರೂ ಕೆಂಪು ಕಂದಿಹೋಗುತ್ತದೆ. ಹಾಗಾಗಿ ಖರ್ಚು ಉಳಿಸಬೇಕೆಂದವನು ಮೊದಲು ಬಳಿಯುವುದು ಕೆಂಪನ್ನೇ. ಲಂಬಾಣಿ ಉಡುಗೆಯ ಜೀವವೂ ಕೆಂಪೇ.

ಈ ಮಣಿಗಳು ಇಲ್ಲಿಯವಲ್ಲ, ಎಂದೂ ಇಲ್ಲಿಯವಾಗಿರಲಿಲ್ಲ. ಎತ್ತಿನ ಮೇಲೆ ಉಪ್ಪು, ದವಸ ಹೇರಿಕೊಂಡು ಊರೂರು ಸುತ್ತಿದ ಸಮುದಾಯಕ್ಕೆ ದೂರದ ಮಾಲು ಹೊಸದಲ್ಲ. ಆಂಧ್ರದ ಪಾಪನಾಯುಡುಪೇಟೆಯಲ್ಲಿ ಕುಲುಮೆಯಿಂದ ಗಾಜಿನ ಕೊಳವೆ ಎಳೆದು ಕತ್ತರಿಸಿ ಮಣಿ ಮಾಡುತ್ತಿದ್ದರು. ಬೊಹೀಮಿಯಾದ ಯಾಬ್ಲೊನೆಟ್ಸ್‌ನ ಸಣ್ಣ ಮಣಿಗಳು ಹಡಗು ಹತ್ತಿ ಬಂದವು. ದೀಪದ ಉರಿಯಲ್ಲಿ ಮಾಡುವ ಮಣಿ ಎಂದರೆ ಇವತ್ತು ನೆನಪಾಗುವುದು ಉತ್ತರ ಪ್ರದೇಶದ ಪುರ್ದಿಲ್‌ನಗರ. ಗಾಜಿನ ಕಡ್ಡಿಯನ್ನು ಉರಿಗೆ ಹಿಡಿದು, ಅದು ಜೇನಿನಂತೆ ಇಳಿಯುವಾಗ ಮಣ್ಣು ಮೆತ್ತಿದ ಕಬ್ಬಿಣದ ತಂತಿಗೆ ಸುತ್ತುವುದು ಅಲ್ಲಿಯ ಕಸುಬು.

ಇಂಥ ಮಣಿಗೆ ಬಣ್ಣ ಕೊಡುವ ಒಂದು ದಾರಿ ಎನಾಮೆಲ್ ಪುಡಿ. ಹೆಸರು ಕೇಳಿ ಪೇಂಟ್ ಎಂದುಕೊಳ್ಳಬಾರದು. ಅದೂ ಗಾಜೇ, ಲೋಹದ ಆಕ್ಸೈಡ್ ಸೇರಿಸಿ ಕರಗಿಸಿ, ನುಣ್ಣಗೆ ಅರೆದದ್ದು. ಕೆಂಡದಂತಿರುವ ಮಣಿಯನ್ನು ಈ ಪುಡಿಯಲ್ಲಿ ಹೊರಳಿಸಿ ಮತ್ತೆ ಉರಿಗೆ ತೋರಿಸಿದರೆ ಪುಡಿ ಕರಗಿ ಮಣಿಯ ಚರ್ಮವೇ ಆಗುತ್ತದೆ. ಪುಡಿ ಆರಿಸುವವನು ಬಣ್ಣದ ಪಟ್ಟಿ ನೋಡಿ ಮರುಳಾದರೆ ಕೆಟ್ಟ. ಮಣಿಯ ಗಾಜೂ ಪುಡಿಯ ಗಾಜೂ ಬಿಸಿಗೆ ಒಂದೇ ಲೆಕ್ಕದಲ್ಲಿ ಹಿಗ್ಗಿ ಕುಗ್ಗಬೇಕು. ಮಣಿಗಾರರು ಬಳಸುವ ಮೆದು ಸೋಡಾ ಗಾಜಿನ ಹಿಗ್ಗುವಿಕೆಯ ಅಂಕ 104ರ ಆಸುಪಾಸು, ಪ್ರಯೋಗಾಲಯದ ಬೋರೋಸಿಲಿಕೇಟ್ ಗಾಜಿನದು 33. ಒಂದರ ಮೇಲೆ ಇನ್ನೊಂದನ್ನು ದಪ್ಪವಾಗಿ ಹೊದಿಸಿದರೆ ಬಿರುಕು ಖಂಡಿತ, ಕೆಲವೊಮ್ಮೆ ಅಂದೇ ಕಾಣದೆ ವಾರದ ಮೇಲೆ. ಇನ್ನು ಸೀಸ. ಸೀಸ ಬೆರೆತ ಪುಡಿ ಬೇಗ ಕರಗುತ್ತದೆ, ಹೊಳಪೂ ಜಾಸ್ತಿ. ಆದರೆ ಆ ದೂಳನ್ನು ದಿನವಿಡೀ ಉಸಿರಾಡುವವನು ತೊಡುವವಳಲ್ಲ, ಮಾಡುವವನು. ಸೀಸವಿಲ್ಲದ ಪುಡಿಗೆ ನಾಲ್ಕು ಕಾಸು ಹೆಚ್ಚು ಕೊಡುವುದು ನ್ಯಾಯ ಅನ್ನುವುದು ಅದಕ್ಕೇ.

ಜಾತ್ರೆಯ ಅಂಗಡಿಯಲ್ಲಿ ಇಷ್ಟೆಲ್ಲ ಕೇಳಲಾಗುವುದಿಲ್ಲ, ನಿಜ. ಆದರೆ ಉಗುರು ಬಣ್ಣ ತೆಗೆಯುವ ದ್ರವದಲ್ಲಿ ಹತ್ತಿ ಅದ್ದಿ ಉಜ್ಜಿದರೆ ಬಳಿದದ್ದು ಬಿಡುತ್ತದೆ, ಉರಿಯಲ್ಲಿ ಬೆಸೆದದ್ದು ಬಿಡುವುದಿಲ್ಲ. ತೂತಿನ ಅಂಚನ್ನು ದಾರದ ಮೇಲೆ ಎಳೆದು ನೋಡಬೇಕು. ಕತ್ತರಿಸಿದ ಮೇಲೆ ಮತ್ತೆ ಕಾಯಿಸಿ ಅಂಚು ಸವರದ ಮಣಿ ಬ್ಲೇಡಿನ ಹಾಗೆ ದಾರ ಕೊಯ್ಯುತ್ತದೆ. ಆರು ತಿಂಗಳ ಕಸೂತಿ ಒಂದು ಕುಣಿತಕ್ಕೆ ಉದುರುವುದು ಹೀಗೆ.

ಕನ್ನಡಿಯ ಕತೆ ಇನ್ನೂ ಸೂಕ್ಷ್ಮ. ಹಳೆಯ ಕನ್ನಡಿ ಚೂರುಗಳು ಊದಿದ ಗಾಜಿನ ಬುರುಡೆಯ ಒಳಗೆ ರಸ ಲೇಪಿಸಿ ಒಡೆದವು, ಗುಜರಾತಿನ ಕಪಡವಂಜ್ ಇದಕ್ಕೆ ಹೆಸರಾದ ಊರು. ಬುರುಡೆಯ ಉಬ್ಬು ಚೂರಿನಲ್ಲೂ ಉಳಿಯುವುದರಿಂದ ಬಿಸಿಲು ಯಾವ ಕಡೆಯಿಂದ ಬಿದ್ದರೂ ಒಂದು ಸಣ್ಣ ಚುಕ್ಕೆ ಮಿನುಗುತ್ತಲೇ ಇರುತ್ತದೆ. ಯಂತ್ರದಲ್ಲಿ ಕತ್ತರಿಸಿದ ಚಪ್ಪಟೆ ಕನ್ನಡಿ ಒಮ್ಮೆ ಫಳ್ ಎಂದು ಹೊಡೆದು ಆಮೇಲೆ ಸುಮ್ಮನಾಗುತ್ತದೆ. ಪ್ಲಾಸ್ಟಿಕ್ಕಿನದು ಮೊದಲೆರಡು ವರ್ಷ ಹೊಳೆದು, ಆಮೇಲೆ ಗೀರುಬಿದ್ದು ಮಬ್ಬಾಗುತ್ತದೆ.

ಹಾಗೆಂದು ಹಳೆಯದೆಲ್ಲ ಚಿನ್ನ ಎನ್ನುವ ಪೈಕಿ ನಾನಲ್ಲ. ದಂತದ್ದೋ ಮೂಳೆಯದ್ದೋ ಆಗಿದ್ದ ಬಲಿಯಾ ಬಳೆ ಪ್ಲಾಸ್ಟಿಕ್ಕಿಗೆ ಬಂದದ್ದು ಆನೆಗೂ ಒಳ್ಳೆಯದಾಯಿತು, ಕಬ್ಬು ಕಡಿಯುವ ಕೈಗೂ ಹಗುರವಾಯಿತು. ದಿನದ ಉಡುಗೆಗೆ ಪ್ಲಾಸ್ಟಿಕ್ ಕನ್ನಡಿಯಾದರೂ ಅಡ್ಡಿಯಿಲ್ಲ. ನನ್ನ ತಕರಾರು ಕಲೆಯೆಂದು ಕರೆದು ಮಾರುವ ಸರಕಿನ ಬಗ್ಗೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆಯ ಹೊತ್ತಿಗೆ 450ಕ್ಕೂ ಹೆಚ್ಚು ಹೆಂಗಸರು ಹೊಲಿದ 1,755 ವಸ್ತುಗಳ ಪ್ರದರ್ಶನ ಗಿನ್ನಿಸ್ ದಾಖಲೆಯಾಯಿತು. ಸಂತೋಷವೇ. ಆದರೆ ದಾಖಲೆ ಎಣಿಸುತ್ತದೆ, ತೂಗುವುದಿಲ್ಲ. ಹೊಲಿಯುವವಳ ಕೈಗೆ ಮಣಿ, ಕನ್ನಡಿ ಕಟ್ಟಿಕೊಟ್ಟು ಕಳಿಸುವ ಪದ್ಧತಿ ಬೆಳೆದಲ್ಲೆಲ್ಲ ಅವಳ ಅರ್ಧ ಕಲೆ ಆ ಕಟ್ಟಿನ ಹೊರಗೇ ಉಳಿಯುತ್ತದೆ. ಆರಿಸುವುದೂ ಅವಳ ವಿದ್ಯೆಯೇ ಆಗಿತ್ತು.

ಸೂರಗೊಂಡನಕೊಪ್ಪದಲ್ಲಿ ಒಬ್ಬ ಮುದುಕಿಯ ಕಾಂಚಳಿ ನೋಡಿದೆ. ಬಟ್ಟೆ ಹೊಸದು, ಕನ್ನಡಿಗಳು ಉಬ್ಬಿನವು, ಅಂಚು ಸವೆದವು.

"ಎಲ್ಲಿ ತಂದ್ರಿ ಯಾಡಿ?" ಎಂದೆ.

"ತರೋದೇನು, ನಮ್ಮವ್ವಂದು. ಬಟ್ಟೆ ಹರಿದಂಗೆ ಬಿಚ್ಚಿ ಬಿಚ್ಚಿ ಹಾಕ್ಕೋತೀನಿ. ಇದು ಮೂರನೇದು." ಮೊಮ್ಮಗಳು ಪಕ್ಕದ ಅಂಗಡಿಯಲ್ಲಿ ಕೆಂಪು ಸರ ಹಿಡಿದಿದ್ದಳು. ಮುದುಕಿ ಅದನ್ನು ಇಸಿದುಕೊಂಡು, ನಾಲಿಗೆಗೆ ತಾಗಿಸಿದ ಬೆರಳಿನಿಂದ ಒಂದು ಮಣಿ ತಿಕ್ಕಿ, ಬೆರಳು ನೋಡಿಕೊಂಡು, ಸರವನ್ನು ಮೊಳೆಗೆ ವಾಪಸ್ ನೇತುಹಾಕಿದಳು.