ಒಂದು ಸಾಲಿನ ಸುದ್ದಿ, ಒಂದು ವರ್ಷದ ಓದು

ಕೆಎಎಸ್, ಯುಪಿಎಸ್‌ಸಿ ಪ್ರಿಲಿಮ್ಸ್ ಹತ್ತಿರವಾಗುತ್ತಿದ್ದಂತೆ ಕಡೂರು, ತರೀಕೆರೆ, ಅಜ್ಜಂಪುರದ ಜೆರಾಕ್ಸ್ ಅಂಗಡಿಗಳಲ್ಲಿ ಒಂದೇ ಬಗೆಯ ಕಟ್ಟುಗಳು ಸಿದ್ಧವಾಗುತ್ತವೆ. ಟೆಲಿಗ್ರಾಂನಿಂದ ಇಳಿಸಿಕೊಂಡ ಪಿಡಿಎಫ್, ಸ್ಪೈರಲ್ ಬೈಂಡಿಂಗ್, ಮೇಲೊಂದು ಪ್ಲಾಸ್ಟಿಕ್ ಹಾಳೆ. ಒಳಗೆ ಹನ್ನೆರಡು ತಿಂಗಳ ಸುದ್ದಿ ಒಂದೊಂದು ಸಾಲಾಗಿ ಕೂತಿರುತ್ತದೆ: ಯಾರ ನೇಮಕವಾಯಿತು, ಯಾವ ಸೂಚ್ಯಂಕದಲ್ಲಿ ಭಾರತ ಎಷ್ಟನೆಯದು, ಯಾವ ಸಮರಾಭ್ಯಾಸ ಯಾವ ದೇಶದ ಜೊತೆ. ಇದನ್ನು ಮೂರ್ನಾಲ್ಕು ಸಲ ತಿರುವಿಹಾಕಿ ಅಭ್ಯರ್ಥಿಗಳು ‘ಕರೆಂಟ್ ಅಫೇರ್ಸ್ ರಿವಿಷನ್ ಮುಗೀತು’ ಎನ್ನುತ್ತಾರೆ. ಒಮ್ಮೆ ಓದಿ ಅರ್ಥ ಮಾಡಿಕೊಂಡದ್ದಕ್ಕೆ ಮತ್ತೆ ಮರಳಿದರೆ ಅದನ್ನು ರಿವಿಷನ್ ಎನ್ನಬಹುದು. ವರ್ಷವಿಡೀ ಪತ್ರಿಕೆ ಮುಟ್ಟದೆ ಕೊನೆಯ ತಿಂಗಳಲ್ಲಿ ಸಾಲು ಉರು ಹೊಡೆಯುವುದು ಮೊದಲ ಓದನ್ನೇ ತಪ್ಪಿಸಿಕೊಳ್ಳುವ ದಾರಿ. ಈ ಪದ್ಧತಿ ಇಷ್ಟು ಗಟ್ಟಿಯಾಗಿ ಬೇರೂರಿರುವುದು ನನಗೆ ಬೇಸರ ತರುತ್ತದೆ. ಇದಕ್ಕೆ ಬಲಿಯಾಗುವವರು ಸೋಮಾರಿಗಳಲ್ಲ. ಅಡಿಕೆ ಸುಲಿಯುವ ಹಂಗಾಮಿನಲ್ಲಿ ಕೂಲಿಗೆ ಹೋಗಿ, ರಾತ್ರಿ ಓದುವ ಮಕ್ಕಳು.

ಒನ್ ಲೈನರ್‌ಗಳಿಗೆ ಸಲ್ಲಬೇಕಾದ ಮನ್ನಣೆಯನ್ನು ಮೊದಲು ಸಲ್ಲಿಸುತ್ತೇನೆ. ಬೆಂಗಳೂರಿನ ವಿಜಯನಗರಕ್ಕೋ ಧಾರವಾಡಕ್ಕೋ ಹೋಗಿ ರೂಮು ಹಿಡಿದು ಕೋಚಿಂಗ್ ಸೇರುವ ಶಕ್ತಿ ಎಲ್ಲರಿಗೂ ಇಲ್ಲ. ಪಿಡಿಎಫ್‌ಗೆ ಕಾಸು ಕೊಡಬೇಕಿಲ್ಲ. ಕೆಲವು ಸುದ್ದಿಗಳಿಗೆ ಒಂದು ಸಾಲೇ ಸಾಕು ಕೂಡ. 2025ರ ಮೇ ತಿಂಗಳಲ್ಲಿ ನಮ್ಮ ಪಕ್ಕದ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ ಇಂಟರ್‌ನ್ಯಾಷನಲ್ ಬುಕರ್ ಗೆದ್ದಿತು, ಅನುವಾದಕಿ ದೀಪಾ ಭಾಸ್ತಿ, ಈ ಪ್ರಶಸ್ತಿ ಸಣ್ಣಕಥಾ ಸಂಕಲನವೊಂದಕ್ಕೆ ಬಂದದ್ದು ಇದೇ ಮೊದಲು. ಪರೀಕ್ಷೆಯ ದೃಷ್ಟಿಯಿಂದ ಇಷ್ಟು ಗೊತ್ತಿದ್ದರೆ ಸಾಕು. ಪಿಡಿಒ, ಎಫ್‌ಡಿಎ ಥರದ ಪರೀಕ್ಷೆಗಳಲ್ಲಿ ಇಂಥ ನೇರ ಪ್ರಶ್ನೆಗಳು ಈಗಲೂ ಬರುತ್ತವೆ.

ತೊಂದರೆ ಶುರುವಾಗುವುದು ಸುದ್ದಿಗೆ ಹಿಂದು ಮುಂದು ಇದ್ದಾಗ. ಇದಕ್ಕೆ ದೂರದ ಉದಾಹರಣೆ ಬೇಡ. ‘ಕೇಂದ್ರ ಬಜೆಟ್ 2023-24: ಭದ್ರಾ ಮೇಲ್ದಂಡೆ ಯೋಜನೆಗೆ ₹5,300 ಕೋಟಿ’ ಎಂಬ ಸಾಲು ಆ ವರ್ಷದ ಎಲ್ಲ ಪಿಡಿಎಫ್‌ಗಳಲ್ಲಿತ್ತು. ಈ ಯೋಜನೆಯ ನೀರನ್ನು ತರೀಕೆರೆ ತಾಲ್ಲೂಕಿನಲ್ಲಿ ಮೇಲೆತ್ತುತ್ತಾರೆ, ಅದು ಅಜ್ಜಂಪುರದ ಬಳಿ ಸುಮಾರು ಏಳು ಕಿಲೋಮೀಟರ್ ಸುರಂಗ ಹಾದು ಮುಂದೆ ಹೋಗುತ್ತದೆ. ಸುರಂಗದ ಹತ್ತಿರದ ಊರಿನ ಅಭ್ಯರ್ಥಿಯೂ ಆ ಸಾಲನ್ನೇ ಉರು ಹೊಡೆದ. ಆ ಸಾಲು ಮುಚ್ಚಿಡುವುದು ಎಷ್ಟೆಂದು ನೋಡಿ. ತುಂಗಾ ನದಿಯಿಂದ 17.40 ಟಿಎಂಸಿ ನೀರನ್ನು ಭದ್ರಾ ಜಲಾಶಯಕ್ಕೆ ಎತ್ತಬೇಕು, ಅಲ್ಲಿಂದ 29.90 ಟಿಎಂಸಿಯನ್ನು ಅಜ್ಜಂಪುರದ ಸುರಂಗಕ್ಕೆ ಹರಿಸಬೇಕು. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ಎರಡೂಕಾಲು ಲಕ್ಷ ಹೆಕ್ಟೇರಿಗೆ ಹನಿ ನೀರಾವರಿ ಕೊಡಬೇಕು, ಕೆರೆ ತುಂಬಿಸಬೇಕು. ಬಜೆಟ್ ಭಾಷಣದಲ್ಲಿ ನೆರವು ಘೋಷಿಸಿದ್ದು ಸೂಕ್ಷ್ಮ ನೀರಾವರಿಗೆ ಮತ್ತು ಕುಡಿಯುವ ನೀರಿಗಾಗಿ ಕೆರೆ ತುಂಬಿಸುವುದಕ್ಕೆ. ಆ ಹಣ ಬರಲೇ ಇಲ್ಲವೆಂದು ರಾಜ್ಯ ಸರ್ಕಾರ ಆಮೇಲಿನ ವರ್ಷಗಳಲ್ಲಿ ದೂರುತ್ತಲೇ ಬಂತು. ಪಿಡಿಎಫ್‌ನಲ್ಲಿ ಮಾತ್ರ ಘೋಷಣೆಯ ದಿನವೇ ವಿಷಯ ಮುಗಿದಿತ್ತು.

ತರೀಕೆರೆಯ ಒಬ್ಬ ಅಭ್ಯರ್ಥಿಯ ನೋಟ್‌ಬುಕ್ ಇದಕ್ಕೆ ತೀರ ಬೇರೆಯಾಗಿತ್ತು. ಇನ್ನೂರು ಪುಟದ ಸಾದಾ ಲಾಂಗ್ ಬುಕ್. ಭದ್ರಾ ಮೇಲ್ದಂಡೆಗೆ ಎದುರುಬದುರಿನ ಎರಡು ಪುಟ ಬಿಟ್ಟಿದ್ದರು. ಎಡ ಪುಟದಲ್ಲಿ ತಾರೀಖಿನ ಜೊತೆ ಸುದ್ದಿ, ಬಲ ಪುಟದಲ್ಲಿ ಆ ಸುದ್ದಿ ಯಾವ ಪಠ್ಯಕ್ಕೆ ಹೋಗಿ ಮುಟ್ಟುತ್ತದೆ ಎನ್ನುವುದು. ಅಬ್ಬಿನಹೊಳೆ ಬಳಿ ಪರಿಹಾರದ ತಕರಾರಿನಿಂದ ಕಾಲುವೆ ಕೆಲಸ ನಿಂತ ಸುದ್ದಿಯ ಎದುರಿಗೆ ‘ಭೂಸ್ವಾಧೀನ ಕಾಯ್ದೆ 2013, ಪರಿಹಾರ ಲೆಕ್ಕ ಹೇಗೆ?’ ಎಂದಿತ್ತು. ವಾಣಿ ವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿದ್ದ ಸುದ್ದಿಯ ಎದುರಿಗೆ ‘ವೇದಾವತಿ, ಕೃಷ್ಣಾ ಕೊಳ್ಳ, ಬಚಾವತ್ ಮತ್ತು ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ, ಅನುಚ್ಛೇದ 262’. 2025ರ ಜೂನ್‌ನಲ್ಲಿ ಭದ್ರಾ ಬಲದಂಡೆ ನಾಲೆ ಸೀಳಿ ಹೊಸದುರ್ಗ, ತರೀಕೆರೆ, ಕಡೂರು ಕಡೆಗೆ ಕುಡಿಯುವ ನೀರು ಒಯ್ಯುವುದನ್ನು ದಾವಣಗೆರೆಯ ಅಚ್ಚುಕಟ್ಟು ರೈತರು ವಿರೋಧಿಸಿದಾಗ ಬಲ ಪುಟದಲ್ಲಿ ಒಂದೇ ಪ್ರಶ್ನೆ: ‘ಕುಡಿಯುವ ನೀರಿಗೆ ಮೊದಲ ಆದ್ಯತೆ ಎಂದು ರಾಷ್ಟ್ರೀಯ ಜಲನೀತಿ ಹೇಳುತ್ತದೆ. ಕೊನೆಭಾಗದ ರೈತನಿಗೆ ಏನು ಹೇಳುವುದು?’

ಈ ನೋಟ್‌ಬುಕ್ ಪ್ರಿಲಿಮ್ಸ್‌ಗೂ ಆಯಿತು, ಮೇನ್ಸ್‌ಗೂ ಆಯಿತು, ಸಂದರ್ಶನದಲ್ಲಿ ‘ನಿಮ್ಮ ಊರಿನ ಸಮಸ್ಯೆ ಹೇಳಿ’ ಎಂದರೆ ಅದಕ್ಕೂ ಆಯಿತು. ಅದಕ್ಕಿಂತ ಹೆಚ್ಚಿನದು ಇನ್ನೊಂದಿದೆ. ಆ ಪುಟಕ್ಕೆ ಹೊಸ ಸುದ್ದಿ ಸೇರಿಸುವಾಗಲೆಲ್ಲ ಅವರು ಹಳೆಯ ಸುದ್ದಿಗಳ ಮೇಲೆ ಕಣ್ಣಾಡಿಸಲೇಬೇಕು. ರಿವಿಷನ್ ತಾನಾಗಿ ನಡೆದುಹೋಗುತ್ತದೆ, ಅದಕ್ಕೆಂದು ಬೇರೆ ತಿಂಗಳು ಎತ್ತಿಡಬೇಕಾಗಿಲ್ಲ.

ಪರೀಕ್ಷೆಯ ಸ್ವರೂಪವೂ ಇದನ್ನೇ ಕೇಳುತ್ತಿದೆ. ಯುಪಿಎಸ್‌ಸಿ 2023ರ ಪ್ರಿಲಿಮ್ಸ್‌ನಲ್ಲಿ ‘ಮೇಲಿನ ಹೇಳಿಕೆಗಳಲ್ಲಿ ಎಷ್ಟು ಸರಿ’ ಎಂಬ ಮಾದರಿ ಹೆಚ್ಚಾಯಿತು. ಆಯ್ಕೆಗಳು ಹೀಗೆ: ಒಂದೇ, ಎರಡೇ, ಮೂರೂ, ಯಾವುದೂ ಅಲ್ಲ. ಹಿಂದಿನಂತೆ ಒಂದು ಹೇಳಿಕೆ ತಪ್ಪೆಂದು ಗೊತ್ತಾದರೆ ಎರಡು ಆಯ್ಕೆ ಹೊಡೆದುಹಾಕುವ ಉಪಾಯ ಅಲ್ಲಿ ನಡೆಯುವುದಿಲ್ಲ. ತಪ್ಪಿದರೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಳೆಯುತ್ತಾರೆ. ಅರ್ಧ ನೆನಪಿರುವ ಸಾಲು ಅಲ್ಲಿ ನಷ್ಟಕ್ಕೇ ದಾರಿ.

ಕೋಚಿಂಗ್‌ನವರು ಸಾಮಾನ್ಯವಾಗಿ ಕೊಡುವ ಒಂದು ಸಲಹೆಯನ್ನು ನಾನು ಒಪ್ಪುವುದಿಲ್ಲ: ‘ಪತ್ರಿಕೆಯ ಜಿಲ್ಲಾ ಪುಟ ಬಿಟ್ಟುಬಿಡಿ, ಅದರಿಂದ ಪ್ರಶ್ನೆ ಬರುವುದಿಲ್ಲ.’ ಕೆಎಎಸ್ ಪ್ರಿಲಿಮ್ಸ್‌ನ ಎರಡನೇ ಪತ್ರಿಕೆಯಲ್ಲಿ ರಾಜ್ಯಕ್ಕೆ ಸಂಬಂಧಿಸಿದ ಪ್ರಶ್ನೆಗಳೇ ನಲವತ್ತು. ಊರಿನ ಸುದ್ದಿ ರಾಷ್ಟ್ರಮಟ್ಟದ ವಿಷಯಕ್ಕೂ ಕರೆದೊಯ್ಯುತ್ತದೆ, ಕ್ಷೇತ್ರ ಪುನರ್ವಿಂಗಡಣೆಯನ್ನೇ ತೆಗೆದುಕೊಳ್ಳಿ. ಅಕ್ಕಪಕ್ಕದ ತಾಲ್ಲೂಕುಗಳಾದ ಕಡೂರು ಮತ್ತು ತರೀಕೆರೆ ಒಂದೇ ಜಿಲ್ಲೆಯಲ್ಲಿವೆ. ಲೋಕಸಭೆಗೆ ಬಂದರೆ ಕಡೂರು ಹಾಸನ ಕ್ಷೇತ್ರಕ್ಕೆ ಸೇರುತ್ತದೆ, ತರೀಕೆರೆ ಉಡುಪಿ-ಚಿಕ್ಕಮಗಳೂರಿಗೆ. ಬೀರೂರು ಎಂಬ ವಿಧಾನಸಭಾ ಕ್ಷೇತ್ರವೇ 2008ರಲ್ಲಿ ಇಲ್ಲವಾಯಿತು. ಹೀಗೇಕೆ ಎಂದು ಒಮ್ಮೆ ಕೇಳಿಕೊಂಡರೆ ಅನುಚ್ಛೇದ 82 ಮತ್ತು 170, ಸ್ಥಾನಗಳ ಸಂಖ್ಯೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ತಡೆಹಿಡಿದ 84ನೇ ತಿದ್ದುಪಡಿ, ಮಹಿಳಾ ಮೀಸಲಾತಿಯ 106ನೇ ತಿದ್ದುಪಡಿ, 2027ರ ಜನಗಣತಿ, ದಕ್ಷಿಣದ ರಾಜ್ಯಗಳ ಆತಂಕ ಎಲ್ಲವೂ ಒಂದರ ಹಿಂದೊಂದು ಬರುತ್ತವೆ. ಪಿಡಿಎಫ್‌ನಲ್ಲಿ ಇವು ಐದು ತಿಂಗಳ ಐದು ಬೇರೆ ಬೇರೆ ಸಾಲುಗಳು.

ಹಾಗೆಂದು ಊರಿನ ಅನುಭವವೇ ಸಾಕೆಂದೂ ಅಲ್ಲ. ಕಡೂರಿನ ತೆಂಗು ಬೆಳೆಗಾರರ ಮನೆಯವರಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಗೊತ್ತಿರುತ್ತದೆ. 2025ರ ಹಂಗಾಮಿಗೆ ಕ್ವಿಂಟಲ್‌ಗೆ ₹12,100. ಆ ಬೆಲೆಯನ್ನು ಶಿಫಾರಸು ಮಾಡುವ ಆಯೋಗ ಸಿಎಸಿಪಿ ಎಂದರೇನು, ಒಪ್ಪಿಗೆ ಕೊಡುವ ಸಂಪುಟ ಸಮಿತಿ ಯಾವುದು, ನಾಫೆಡ್‌ನ ಪಾತ್ರವೇನು ಎಂದು ಕೇಳಿದರೆ ಮೌನ. ಮಾರುಕಟ್ಟೆ ದರ ಬೆಂಬಲ ಬೆಲೆಯನ್ನು ಮೀರಿದಾಗ ಖರೀದಿ ಕೇಂದ್ರಕ್ಕೆ ಯಾರೂ ಹೋಗುವುದಿಲ್ಲವೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಬೆಂಬಲ ಬೆಲೆ ಎಂಬ ವ್ಯವಸ್ಥೆಯ ತಿರುಳೇ ಅದು ಎಂದು ಹೊಳೆಯುವುದು ಮಾತ್ರ ಪುಸ್ತಕ ತೆರೆದಾಗ. ಎರಡನ್ನೂ ಬೆಸೆಯುವವರು ಇಲ್ಲಿ ಕಡಿಮೆ.

ಕನ್ನಡದಲ್ಲಿ ಓದುವ ಸಾಮಗ್ರಿ ಇಲ್ಲ ಎಂಬ ಮಾತನ್ನೂ ನಾನು ಪೂರ್ತಿ ಒಪ್ಪಲಾರೆ. ‘ಯೋಜನಾ’ ಮಾಸಪತ್ರಿಕೆ ಕನ್ನಡದಲ್ಲಿ ಬರುತ್ತದೆ. ಕರ್ನಾಟಕ ಆರ್ಥಿಕ ಸಮೀಕ್ಷೆ ಪ್ರತಿ ವರ್ಷ ಕನ್ನಡದಲ್ಲೇ ಸಿಗುತ್ತದೆ, ಅದನ್ನು ತೆರೆದು ನೋಡಿದ ಅಭ್ಯರ್ಥಿಗಳು ಮಾತ್ರ ವಿರಳ. ಆಕಾಶವಾಣಿಯ ಪ್ರದೇಶ ಸಮಾಚಾರಕ್ಕೆ ಹತ್ತು ನಿಮಿಷ ಸಾಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ಪತ್ರಿಕೆ ಬರುತ್ತದೆ. ಹಳೆಯ ಪತ್ರಿಕೆಗಳನ್ನು ರದ್ದಿಗೆ ಹಾಕುವ ಮುನ್ನ ನೀರಾವರಿ, ತೆಂಗು-ಅಡಿಕೆ, ಭದ್ರಾ ಹುಲಿ ಸಂರಕ್ಷಿತ ಪ್ರದೇಶ, ಅಜ್ಜಂಪುರದ ಅಮೃತ ಮಹಲ್ ತಳಿ ಕೇಂದ್ರ ಎಂದು ನಾಲ್ಕು ಫೈಲುಗಳಲ್ಲಿ ಕತ್ತರಿಸಿ ಇಡುವ ಕೆಲಸವನ್ನು ಅಭ್ಯರ್ಥಿಗಳೇ ಸರದಿಯ ಮೇಲೆ ಮಾಡಬಹುದು.

ಆದರೆ ಅಭ್ಯರ್ಥಿಯ ಓದು ಎಷ್ಟೇ ಗಟ್ಟಿಯಿದ್ದರೂ ಸರಿಹೋಗದ ಒಂದು ಅನ್ಯಾಯವಿದೆ. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ನಡೆದ ಕೆಎಎಸ್ ಪ್ರಿಲಿಮ್ಸ್‌ನಲ್ಲಿ ಕನ್ನಡ ಪ್ರಶ್ನೆಗಳು ಅರ್ಥವೇ ಆಗದಷ್ಟು ಕೆಟ್ಟಿದ್ದವು. ಮರುಪರೀಕ್ಷೆ ನಡೆಸುವಂತೆ ಮುಖ್ಯಮಂತ್ರಿಗಳೇ ಹೇಳಬೇಕಾಯಿತು. ಡಿಸೆಂಬರ್ 29ರಂದು ಮರುಪರೀಕ್ಷೆ ನಡೆದಾಗಲೂ ಅದೇ ದೂರು ಎದ್ದಿತು, ಅಭ್ಯರ್ಥಿಗಳು ಬೀದಿಗಿಳಿದರು. ವಿಷಯ ತಿಳಿದವರು ಕೆಟ್ಟ ಕನ್ನಡದ ಪ್ರಶ್ನೆಯ ಹಿಂದೆ ಏನಿದೆಯೆಂದು ಹೇಗೋ ಊಹಿಸಿಯಾರು, ಸಾಲು ಉರು ಹೊಡೆದವರಿಗೆ ಅದೂ ಇಲ್ಲ. ಎರಡು ಗಂಟೆಯಲ್ಲಿ ನೂರು ಪ್ರಶ್ನೆ ಬಿಡಿಸುವ ಪರೀಕ್ಷೆಯಲ್ಲಿ ಕನ್ನಡ ಮಾಧ್ಯಮದವರು ಮಾತ್ರ ಹೀಗೆ ಊಹಿಸುತ್ತ ಕೂರಬೇಕೇ? ಯುಪಿಎಸ್‌ಸಿ ಪ್ರಿಲಿಮ್ಸ್ ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ ಇರುವುದರಿಂದ, ಕನ್ನಡದಲ್ಲಿ ಓದಿದವರಿಗೆ ಪೂರ್ತಿ ತಮ್ಮದೆನ್ನಬಹುದಾದ ದೊಡ್ಡ ಪರೀಕ್ಷೆ ಕೆಎಎಸ್ ಒಂದೇ. ರಾಜ್ಯಕ್ಕೆ ಸಂಬಂಧಿಸಿದ ಆ ನಲವತ್ತು ಪ್ರಶ್ನೆಗಳನ್ನಾದರೂ ಮೊದಲು ಕನ್ನಡದಲ್ಲೇ ಬರೆಸಿ, ಆಮೇಲೆ ಇಂಗ್ಲಿಷ್‌ಗೆ ಮಾಡಿಸುವ ನಿಯಮವನ್ನು ಕರ್ನಾಟಕ ಲೋಕಸೇವಾ ಆಯೋಗ ಮುಂದಿನ ಅಧಿಸೂಚನೆಗೆ ಮೊದಲೇ ತರಬೇಕು. ಭದ್ರಾ ಮೇಲ್ದಂಡೆಯ ಬಗ್ಗೆ, ಅಮೃತ ಮಹಲ್ ಬಗ್ಗೆ ಕನ್ನಡದಲ್ಲಿ ನೇರವಾಗಿ ಪ್ರಶ್ನೆ ಬರೆಯಬಲ್ಲ ಅಧ್ಯಾಪಕರು ರಾಜ್ಯದ ಪ್ರತಿ ವಿಶ್ವವಿದ್ಯಾಲಯದಲ್ಲೂ ಇದ್ದಾರೆ.