'ವಂಶವೃಕ್ಷ': ಬೀಜದ ಲೆಕ್ಕ, ಹೊಲದ ಲೆಕ್ಕ

ಎಸ್.ಎಲ್. ಭೈರಪ್ಪನವರ 'ವಂಶವೃಕ್ಷ' (1965) ಕುರಿತ ಚರ್ಚೆ ಬಹುಪಾಲು ಒಂದೇ ಪ್ರಶ್ನೆಯ ಸುತ್ತ ನಡೆದಿದೆ: ಕಾದಂಬರಿ ಸಂಪ್ರದಾಯದ ಪರವೋ, ವಿರುದ್ಧವೋ? ಹೆಸರಿನಲ್ಲೇ ಇರುವ ಇನ್ನೊಂದು ಪ್ರಶ್ನೆ ಹಿಂದೆ ಉಳಿದಿದೆ. ಮನುಷ್ಯನ ಗುಣ ಎಲ್ಲಿಂದ ಬರುತ್ತದೆ?

ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳು ವಂಶದ ಹೆಸರಿನಲ್ಲಿ ಬದುಕಿದವರು. ಮಗ ಕಪಿಲಾ ನದಿಯಲ್ಲಿ ಮುಳುಗಿ ಸತ್ತ ಮೇಲೆ ಸೊಸೆ ಕಾತ್ಯಾಯನಿ ರಾಜನನ್ನು ಮದುವೆಯಾಗುತ್ತಾಳೆ. ಆದರೆ ತನ್ನ ಮಗ ಚೀನಿಯನ್ನು ಅವಳು ಶ್ರೋತ್ರಿಗಳ ಮನೆಯಲ್ಲೇ ಬಿಡಬೇಕಾಗುತ್ತದೆ. ಮಗು ವಂಶದ್ದು, ತಾಯಿಯದಲ್ಲ. ಕೊನೆಯಲ್ಲಿ ಶ್ರೋತ್ರಿಗಳಿಗೆ ತಿಳಿಯುವುದೇನೆಂದರೆ, ತಾನು ಯಾವ ವಂಶದವನೆಂದು ನಂಬಿದ್ದರೋ ಆ ರಕ್ತದಿಂದ ತಾನೇ ಹುಟ್ಟಿದವರಲ್ಲ.

ಇದರ ಹಿಂದಿರುವುದು ಧರ್ಮಶಾಸ್ತ್ರದ ಹಳೆಯ ರೂಪಕ. ಗಂಡು ಬೀಜ, ಹೆಣ್ಣು ಕ್ಷೇತ್ರ. ನಾವು ಇದನ್ನು ದಾಟಿ ಬಂದಿದ್ದೇವೆ ಎಂದುಕೊಳ್ಳುತ್ತೇವೆ, ಆದರೆ ಬೀಜ ಇದ್ದ ಜಾಗದಲ್ಲಿ 'ಜೀನ್' ಎಂದು ಬರೆದುಕೊಂಡಿದ್ದೇವೆ ಅಷ್ಟೆ. ಕನ್ನಡದ 'ವಂಶವಾಹಿ' ಎಂಬ ಪದ ಕೂಡ ವಂಶವನ್ನು ಹೊತ್ತೇ ನಡೆಯುತ್ತದೆ. ಭೈರಪ್ಪನವರ ಹುಟ್ಟೂರು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರ. ಅದೇ ಹಾಸನ ಸೀಮೆಯ ಹರದನಹಳ್ಳಿ ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರ ಹುಟ್ಟೂರು. ಅಂಥ ಮನೆತನಗಳ ಮಾತು ಬಂದಾಗ 'ರಾಜಕೀಯ ರಕ್ತದಲ್ಲೇ ಇದೆ' ಎನ್ನುವುದು ನಮಗೆ ರೂಢಿ. ಹೆಸರು, ಜಮೀನು, ಜನಸಂಪರ್ಕ, ಊಟಕ್ಕೆ ಕೂತಾಗ ಕಿವಿಗೆ ಬೀಳುವ ಮಾತು ಎಲ್ಲವೂ ಆ ಒಂದು 'ರಕ್ತ'ದೊಳಗೆ ಸೇರಿಹೋಗುತ್ತವೆ.

ತಳಿವಿಜ್ಞಾನ ಈ ಮಾತಿಗೆ ಆಧಾರ ಕೊಡುತ್ತದೆಯೇ? 1866ರಲ್ಲಿ ಪ್ರಕಟವಾದ ಬರಹದಲ್ಲಿ ಮೆಂಡೆಲ್ ಬಟಾಣಿಯ ಬಗ್ಗೆ ವಿವರಿಸಿದ್ದು 'ಇದೆ–ಇಲ್ಲ' ಬಗೆಯ ಗುಣಗಳನ್ನು. ಮನುಷ್ಯನ ಎತ್ತರದಂಥ ಗುಣ ಹಾಗಲ್ಲ. ಅಲ್ಲಿ ಕುಳ್ಳ–ಉದ್ದದ ನಡುವೆ ನೂರು ಮೆಟ್ಟಿಲುಗಳಿವೆ. 1918ರಲ್ಲಿ ರೊನಾಲ್ಡ್ ಫಿಶರ್ ಇದನ್ನು ಬಿಡಿಸಿದರು: ಒಂದೊಂದೂ ಅತಿ ಸಣ್ಣ ಪರಿಣಾಮದ ಅನೇಕ ವಂಶವಾಹಿಗಳು ಕೂಡಿದರೆ ಇಂಥ ಮೆಟ್ಟಿಲುಗಳೇ ಮೂಡುತ್ತವೆ. 2022ರಲ್ಲಿ ಸುಮಾರು 54 ಲಕ್ಷ ಜನರನ್ನು ಒಳಗೊಂಡ ಅಧ್ಯಯನವೊಂದು ಎತ್ತರಕ್ಕೆ ಸಂಬಂಧಿಸಿದ 12,111 ಗುರುತುಗಳನ್ನು ಪತ್ತೆ ಹಚ್ಚಿತು. ಅವೆಲ್ಲ ಸೇರಿ ಯುರೋಪ್ ಮೂಲದವರಲ್ಲಿನ ವ್ಯತ್ಯಾಸದ ಸುಮಾರು ಶೇ. 40ರಷ್ಟನ್ನು ವಿವರಿಸುತ್ತವೆ, ಉಳಿದ ಜನಸಮುದಾಯಗಳಲ್ಲಿ ಶೇ. 10ರಿಂದ 20ರಷ್ಟನ್ನು ಮಾತ್ರ. ಅಳತೆಗೋಲಿಗೆ ಸಿಗುವ ಎತ್ತರದ ಕತೆಯೇ ಹೀಗಿರುವಾಗ, 'ಶ್ರೋತ್ರಿಯತನ'ಕ್ಕೆ ಒಂದು ಬೀಜ ಹುಡುಕುವುದು ಹೇಗೆ?

ಆನುವಂಶೀಯತೆ ಎಂಬ ಪದವೂ ನಾವು ಅಂದುಕೊಂಡಂತಿಲ್ಲ. ಅದು ಅಳೆಯುವುದು ಒಂದು ಗುಂಪಿನೊಳಗಿನ ವ್ಯತ್ಯಾಸವನ್ನು, ಒಬ್ಬ ವ್ಯಕ್ತಿಯ ಒಳಗನ್ನಲ್ಲ. ಹಾಸನದ ಆಲೂಗಡ್ಡೆ ಹೊಲವನ್ನೇ ನೋಡಿ. ಜಲಂಧರ್‌ನಿಂದ ಬರುವ ಕುಫ್ರಿ ಜ್ಯೋತಿ ಬಿತ್ತನೆ ಗಡ್ಡೆಗಳು ಗಡ್ಡೆಯಿಂದಲೇ ಬೆಳೆದವು, ವಂಶವಾಹಿಯ ಮಟ್ಟಿಗೆ ಹೆಚ್ಚುಕಡಿಮೆ ಒಂದರ ಪಡಿಯಚ್ಚು ಇನ್ನೊಂದು. ಆದರೂ ಒಂದು ಸಾಲು ತುಂಬಿ ಬರುತ್ತದೆ, ಇನ್ನೊಂದು ಅಂಗಮಾರಿಗೆ ಸುಟ್ಟುಹೋಗುತ್ತದೆ. ಆ ಹೊಲದೊಳಗಿನ ವ್ಯತ್ಯಾಸದಲ್ಲಿ ಆನುವಂಶೀಯತೆಯ ಪಾಲು ಸೊನ್ನೆ. ಹಾಗೆಂದು ಆಲೂಗಡ್ಡೆಗೆ ವಂಶವಾಹಿಯೇ ಇಲ್ಲವೆಂದಲ್ಲ, ಅದು ರಾಗಿಯಾಗಿ ಬೆಳೆಯುವುದಿಲ್ಲ. ಬೀಜವೇ ಎಲ್ಲ ಎನ್ನುವವರೂ, ಬೀಜ ಏನೂ ಅಲ್ಲ ಎನ್ನುವವರೂ ಈ ಹೊಲದ ಬದುವಿನ ಮೇಲೆ ಸ್ವಲ್ಪ ನಿಲ್ಲಬೇಕು.

ಇನ್ನು ವಂಶವೃಕ್ಷದ ಲೆಕ್ಕ. ಹತ್ತು ತಲೆಮಾರು ಹಿಂದೆ ಹೋದರೆ ನಮ್ಮ ಪೂರ್ವಜರಿಗೆ 1,024 ಸ್ಥಾನಗಳಿವೆ. ವೈ ವರ್ಣತಂತುವನ್ನು ಬಿಟ್ಟರೆ, ನಾವು ಹೆಸರಿಟ್ಟು ನೆನೆಯುವ ಮೂಲಪುರುಷನಿಂದ ಬಂದ ಪಾಲು ಸರಾಸರಿ ಸಾವಿರದಲ್ಲೊಂದಕ್ಕಿಂತ ಕಡಿಮೆ. ಕೆಲವೊಮ್ಮೆ ಏನೂ ಬಂದಿರುವುದಿಲ್ಲ. ತಂದೆಯಿಂದ ಮಗನಿಗೆ ಹೆಚ್ಚುಕಡಿಮೆ ಇಡಿಯಾಗಿ ಸಾಗುವುದು ವೈ ವರ್ಣತಂತು ಒಂದೇ, ಅದರಲ್ಲಿರುವ ವಂಶವಾಹಿಗಳೂ ಕೆಲವೇ. ವಂಶವೃಕ್ಷ ಎಂದು ನಾವು ಬರೆಯುವುದು ದೊಡ್ಡ ಮರದ ಒಂದೇ ಒಂದು ಕೊಂಬೆಯನ್ನು.

ಈ ಲೆಕ್ಕವಿಟ್ಟು ಓದಿದರೆ ಕಾದಂಬರಿಯ ಬಲ ಎದ್ದು ಕಾಣುತ್ತದೆ. ಶ್ರೋತ್ರಿಗಳ ವಿದ್ಯೆ, ಸಂಯಮ, ಧರ್ಮನಿಷ್ಠೆ ಹುಸಿಯಲ್ಲ. ಆದರೆ ಅವು ಬೆಳೆದದ್ದು ಆ ಮನೆಯಲ್ಲಿ, ಆ ಓದಿನಲ್ಲಿ. ವಂಶದ ಹೆಮ್ಮೆಯನ್ನು ಸುಳ್ಳಾಗಿಸಲು ಭೈರಪ್ಪನವರು ವಂಶದ ಅತ್ಯುತ್ತಮ ಮಾದರಿಯನ್ನೇ ಆರಿಸಿಕೊಂಡರು. ವಾದವಾಗಿ ಹೇಳಿದ್ದರೆ ಇಷ್ಟು ನಾಟುತ್ತಿರಲಿಲ್ಲ.

ಕಾದಂಬರಿಯ ಮಿತಿಯೂ ಇಲ್ಲೇ ಇದೆ. ಚೀನಿಯ ಅರ್ಧ ಕಾತ್ಯಾಯನಿಯಿಂದ ಬಂದದ್ದು. ಮಗನಾದ್ದರಿಂದ ಅರ್ಧಕ್ಕಿಂತ ಒಂದು ಕೂದಲೆಳೆ ಹೆಚ್ಚೇ. ಅವಳು ಬರೀ ಹೊಲವಲ್ಲ. ಆದರೂ ಎರಡನೆಯ ಮದುವೆಯಲ್ಲಿ ಅವಳಿಗೆ ಮತ್ತೆ ಮತ್ತೆ ಗರ್ಭಪಾತವಾಗುತ್ತದೆ. ಪಾಪಪ್ರಜ್ಞೆ ಅವಳ ಒಡಲಲ್ಲೇ ತೀರ್ಪು ಬರೆದಂತೆ ಕಥೆ ಸಾಗುತ್ತದೆ. ಬೀಜದ ತರ್ಕ ಸುಳ್ಳೆಂದು ಶ್ರೋತ್ರಿಗಳಿಗೆ ಗೊತ್ತಾಗುವ ಹೊತ್ತಿಗೆ ಅವಳ ಬದುಕು ಮುಗಿಯುತ್ತ ಬಂದಿರುತ್ತದೆ. ಆ ಅರಿವು ಮುದುಕರಿಗೆ ಬಿಡುಗಡೆ ಕೊಡುತ್ತದೆ, ಅವಳಿಗೆ ಮಗನನ್ನು ಕೊಡುವುದಿಲ್ಲ.

'ಜೀನ್' ಎಂಬ ಪದವನ್ನು ಇಂದು ನಾವು ಮದುವೆಯ ಮಾತುಕತೆಯಲ್ಲಿ, ಚುನಾವಣೆಯ ಹರಟೆಯಲ್ಲಿ, ತರಗತಿಯಲ್ಲಿ 'ಇವನಿಗೆ ಓದು ಹತ್ತಲ್ಲ' ಎನ್ನುವಾಗ ಬಳಸುತ್ತೇವೆ. ಅಲ್ಲೆಲ್ಲ ಯಾರೋ ಒಬ್ಬರ ಪಾಲು ಲೆಕ್ಕದಿಂದ ಹೊರಗೆ ಉಳಿಯುತ್ತಿರುತ್ತದೆ. 'ವಂಶವೃಕ್ಷ'ವನ್ನು ಮತ್ತೆ ಓದುವವರು ಶ್ರೋತ್ರಿಗಳ ತ್ಯಾಗಕ್ಕೆ ತಲೆಬಾಗುವ ಮೊದಲು ಕಾತ್ಯಾಯನಿಯ ಪಾಲನ್ನು ಎಣಿಸಿ ನೋಡಲಿ.